ಗೆರೆ ಮುಟ್ಟದ ಕೊಳವೆ

ಆಸ್ಪತ್ರೆಯ ಲ್ಯಾಬಿನಲ್ಲಿ ಅವಳಿಗೆ ಗೆರೆಯಮ್ಮ ಅಂತಲೇ ಹೆಸರು. ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತದೆ ಎಂದು ನೋಡುವ ಪರೀಕ್ಷೆಗೆ ನೀಲಿ ಮುಚ್ಚಳದ ಕೊಳವೆ ಬರುತ್ತದೆ. ಅದರಲ್ಲಿ ಮೊದಲೇ ಒಂದಿಷ್ಟು ಔಷಧಿ ಇರುವುದರಿಂದ ರಕ್ತ ಸರಿಯಾಗಿ ಗೆರೆ ಮುಟ್ಟುವಷ್ಟು ತುಂಬಬೇಕು. ಕಡಿಮೆಯಾದರೆ ಔಷಧಿಯ ಪಾಲು ಹೆಚ್ಚಾಗಿ ಲೆಕ್ಕವೆಲ್ಲ ತಲೆಕೆಳಗು. ಗೆರೆ ಮುಟ್ಟದ ಕೊಳವೆ ಯಾವ ವಾರ್ಡಿನಿಂದ ಬಂದರೂ ಅವಳು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ನರ್ಸುಗಳು ಗೋಗರೆದರೂ ಅಷ್ಟೇ, ದೊಡ್ಡ ಡಾಕ್ಟರ ಹೆಸರು ಹೇಳಿ ಹೆದರಿಸಿದರೂ ಅಷ್ಟೇ. "ಇನ್ನೊಂದ್ಸಲ ಚುಚ್ಚಿ ತನ್ನಿ" ಎಂದು ಕಿಟಕಿಯಾಚೆ ಇಟ್ಟು ತನ್ನ ಕೆಲಸಕ್ಕೆ ತಿರುಗುತ್ತಿದ್ದಳು. ಬೆನ್ನ ಹಿಂದೆ ಬೈದುಕೊಂಡವರ ಮಾತಿಗೆ ಸೊಪ್ಪು ಹಾಕಿದವಳೇ ಅಲ್ಲ.

ಅಂಥವಳ ಮುಂದೆ ಒಂದು ಬೆಳಗ್ಗೆ ಸ್ವಂತ ತಮ್ಮ ತೋಳು ಚಾಚಿ ಕುಳಿತಿದ್ದ. ಮರುದಿನ ಅವನಿಗೆ ಹರ್ನಿಯಾ ಆಪರೇಷನ್. ತಮ್ಮ ದರ್ಜಿ. ದಿನವಿಡೀ ಸೂಜಿಯ ಜೊತೆಗೇ ಸಂಸಾರ ಮಾಡುವವನು, ತನ್ನ ಮೈಗೆ ಸೂಜಿ ಎಂದರೆ ಮಾತ್ರ ಬೆವೆತುಹೋಗುತ್ತಾನೆ.

"ಅಕ್ಕ, ನಿಧಾನ. ಇದು ಬಟ್ಟೆ ಅಲ್ಲ."

"ಬಾಯಿ ಮುಚ್ಕೊಂಡು ಆ ಕಡೆ ನೋಡು."

ಅವನು ನೋಡಬಾರದ ಕಡೆಗೇ ನೋಡಿದ. ಕೊಳವೆ ಅರ್ಧ ತುಂಬುವಷ್ಟರಲ್ಲಿ ಕಣ್ಣು ಮೇಲೆ ಮಾಡಿ ಕುರ್ಚಿಯಿಂದ ಜಾರತೊಡಗಿದ. ಅವಳು ಸೂಜಿ ತೆಗೆದು ಅವನನ್ನು ತಬ್ಬಿ ಹಿಡಿದಳು. ನೀರು ಕುಡಿಸಿ, ಹಣೆ ಒರೆಸಿ, ಮುಖಕ್ಕೆ ಬಣ್ಣ ಬಂದ ಮೇಲೆ ಮನೆಗೆ ಕಳಿಸಿದಳು. ಮತ್ತೆ ಚುಚ್ಚಲು ಮನಸ್ಸು ಬರಲಿಲ್ಲ. ಬೇರೆ ಯಾರದ್ದಾದರೂ ಆಗಿದ್ದರೆ ಆ ಅರ್ಧ ಕೊಳವೆ ಕಸದ ಡಬ್ಬಿ ಸೇರುತ್ತಿತ್ತು. ಅವಳು ಸುತ್ತ ಒಮ್ಮೆ ನೋಡಿ, ಕದ್ದವಳ ಹಾಗೆ ಅದನ್ನು ಯಂತ್ರಕ್ಕೆ ಹಾಕಿದಳು.

ಹೆಪ್ಪುಗಟ್ಟಲು ಹಿಡಿದ ಸಮಯ ಮಿತಿ ದಾಟಿತ್ತು. ದಾಟದೆ ಇನ್ನೇನು, ಕೊಳವೆಯೇ ಅರ್ಧ. ಆದರೂ ಔಷಧಿ ಎಷ್ಟು ಕೆಡಿಸಿದೆ ನೋಡೋಣವೆಂದು ಅವಳು ಪರದೆಯ ಮೇಲೆ ರೇಖೆಯನ್ನು ತೆರೆದಳು. ಯಂತ್ರ ರಕ್ತದ ತಿಳಿಯೊಳಗೆ ಬೆಳಕು ಹಾಯಿಸುತ್ತದೆ. ಹೆಪ್ಪುಗಟ್ಟುತ್ತ ಹೋದಂತೆ ತಿಳಿ ಮಬ್ಬಾಗಿ ಬೆಳಕು ಕುಗ್ಗುತ್ತದೆ, ಆ ಕುಗ್ಗುವಿಕೆಯನ್ನೇ ಯಂತ್ರ ಗೀಚಿ ತೋರಿಸುತ್ತದೆ. ಅವಳು ತರಬೇತಿಯಲ್ಲಿ ಕಲಿತಂತೆ, ಸರಿಯಾದ ರಕ್ತದ ರೇಖೆ ಸ್ವಲ್ಪ ದೂರ ನೆಟ್ಟಗೆ ಹೋಗಿ, ಗೋಡೆಯಿಂದ ಧುಮುಕಿದಂತೆ ಕೆಳಗಿಳಿಯುತ್ತದೆ. ತಮ್ಮನದು ಜಾರುಬಂಡೆಯಲ್ಲಿ ಕೂತ ಮಗುವಿನಂತೆ ನಿಧಾನವಾಗಿ ಜಾರಿತ್ತು.

ಔಷಧಿ ಹೆಚ್ಚಾದದ್ದಕ್ಕೇ ಇಷ್ಟೊಂದು ಜಾರುತ್ತದೆಯೇ ಎಂದು ಅವಳಿಗೆ ಅನುಮಾನ ಬಂತು. ಚಿಕ್ಕಂದಿನಲ್ಲಿ ಅವನ ಹಲ್ಲು ಕಿತ್ತಾಗ ದಿಂಬೆಲ್ಲ ರಕ್ತವಾಗಿದ್ದು ನೆನಪಾಯಿತು. ನಾಲಿಗೆ ಹಾಕಿ ಕೆದಕಿಕೊಂಡಿದ್ದಕ್ಕೇ ಹೀಗಾಯಿತು ಎಂದು ಅಮ್ಮ ಅವನಿಗೆ ಬೈದಿದ್ದಳು. ಕೊಳವೆಯ ತಪ್ಪೇ ಆಗಿರಲಿ ಎಂದು ಅವಳು ಬೇಡಿಕೊಂಡಳು. ತಪ್ಪು ತನ್ನದೇ ಆಗಿರಲೆಂದು ಅವಳು ಹೀಗೆ ಬೇಡಿಕೊಂಡಿದ್ದು ಅದೇ ಮೊದಲು.

ಮಧ್ಯಾಹ್ನ ಅವನನ್ನು ಮತ್ತೆ ಕರೆಸಿದಳು. ಈ ಸಲ ಮಲಗಿಸಿ, ಮುಖಕ್ಕೆ ಅವನದೇ ಕರ್ಚೀಫು ಹೊದಿಸಿ, ಗೆರೆ ಮುಟ್ಟುವವರೆಗೂ ತೆಗೆದಳು. ಅಂಕಿ ಬಂತು. ನಾರ್ಮಲ್. ಮಿತಿಯ ಅಂಚಿನಲ್ಲಿತ್ತು ನಿಜ, ಆದರೆ ಒಳಗೇ ಇತ್ತು. ಅವಳಿಗೆ ಹೋದ ಜೀವ ಬಂದಂತಾಯಿತು. ಅರ್ಧ ಕೊಳವೆಗೂ ತುಂಬಿದ ಕೊಳವೆಗೂ ಎಷ್ಟು ವ್ಯತ್ಯಾಸ ನೋಡಿ ನಕ್ಕುಬಿಡೋಣ ಎಂದು ಎರಡನೆಯ ರೇಖೆಯನ್ನೂ ತೆರೆದಳು.

ಅದೂ ಜಾರುತ್ತಲೇ ಇತ್ತು.

ಆಪರೇಷನ್ ಮಾಡುವವರು ಕೇಳುವುದು ಅಂಕಿ, ಅಂಕಿ ಸರಿಯಾಗಿದೆ. ತಮ್ಮನೋ ಅಂಗಡಿ ಮುಚ್ಚಿ, ಹೊಲಿಯಲು ಕೊಟ್ಟವರಿಗೆಲ್ಲ ಸಮಾಧಾನ ಹೇಳಿ ಬಂದಿದ್ದಾನೆ. ತಾನು ನೋಡಿದ್ದು ಬರೀ ಭ್ರಮೆಯಾದರೆ ಆಸ್ಪತ್ರೆಯೆಲ್ಲ ಆಡಿಕೊಂಡು ನಗುತ್ತದೆ. ಭ್ರಮೆ ಅಲ್ಲದಿದ್ದರೆ? ನಾಳೆ ಹೊಟ್ಟೆಗೆ ಕತ್ತಿ ಹಾಕಿದ ಮೇಲೆ ರಕ್ತ ನಿಲ್ಲದಿದ್ದರೆ? ಅವಳು ಎರಡೂ ರೇಖೆಗಳನ್ನು ಮುದ್ರಿಸಿಕೊಂಡು, ಲಿಫ್ಟಿಗೂ ಕಾಯದೆ ಮೆಟ್ಟಿಲು ಹತ್ತಿ ಲ್ಯಾಬಿನ ಡಾಕ್ಟರ ಕೋಣೆಗೆ ಹೋದಳು.

ಡಾಕ್ಟರಮ್ಮ ಕನ್ನಡಕ ಏರಿಸಿ ನೋಡಿದರು. "ಮೊದಲ್ನೇದು ಯಾಕೆ ಇಷ್ಟು ಕೆಟ್ಟಿದೆ?"

"ಅದು ಅರ್ಧ ಕೊಳವೆ ಮೇಡಂ. ನಾನೇ ಹಾಕ್ದೆ."

"ನೀವಾ?" ಎಂದರು, ಆಮೇಲೆ ಆ ವಿಷಯ ಬಿಟ್ಟರು. ಎರಡನೆಯದರ ಇಳಿಜಾರಿನ ಮೇಲೆ ಪೆನ್ನಿನ ತುದಿ ಆಡಿಸಿದರು. "ಇದು ನಂಗೂ ಸರಿ ಕಾಣ್ತಿಲ್ಲ. ಎಂಟನೇ ಫ್ಯಾಕ್ಟರ್ ನೋಡೇಬಿಡೋಣ." ಅದು ರಕ್ತ ಹೆಪ್ಪುಗಟ್ಟಲು ಬೇಕಾದ ಒಂದು ಸತ್ವ. ಆ ಪರೀಕ್ಷೆ ಮುಗಿಯುವವರೆಗೆ ಗೆರೆಯಮ್ಮ ತೊಳೆದ ಮೇಜನ್ನೇ ಮತ್ತೆ ಮತ್ತೆ ಒರೆಸಿದಳು.

ಇರಬೇಕಾದ್ದರಲ್ಲಿ ಕಾಲುಭಾಗವೂ ಇರಲಿಲ್ಲ. "ಹಿಮೋಫಿಲಿಯಾ," ಎಂದರು ಡಾಕ್ಟರಮ್ಮ. ಹುಟ್ಟಿನಿಂದಲೇ ಬರುವ, ರಕ್ತ ಬೇಗ ನಿಲ್ಲದ ಕಾಯಿಲೆ ಅದು. "ತೀವ್ರ ಅಲ್ಲ, ಅದಕ್ಕೇ ಇಷ್ಟು ವರ್ಷ ಮರೆಯಲ್ಲಿತ್ತು." ಅಲ್ಲಿಂದಲೇ ಸರ್ಜನ್ನರಿಗೆ ಫೋನ್ ಮಾಡಿದರು. ಅವರು ಮರುಮಾತಾಡದೆ ಆಪರೇಷನ್ ಮುಂದೂಡಿದರು.

ಕೆಲವು ವಾರಗಳ ನಂತರ, ಕಡಿಮೆಯಿದ್ದ ಸತ್ವವನ್ನು ನರಕ್ಕೆ ಏರಿಸಿಕೊಂಡೇ ಆಪರೇಷನ್ ಮಾಡಿದರು. ಹೊಲಿಗೆ ಒಣಗಿತು, ರಕ್ತ ಸೋರಲಿಲ್ಲ. ಅವಳು ವಾರ್ಡಿಗೆ ಹೋದಾಗ ತಮ್ಮ ಹೊಟ್ಟೆ ಹಿಡಿದುಕೊಂಡು ಜೋಕು ಹೊಡೆಯುತ್ತಿದ್ದ.

"ಹೊಲಿಗೆ ಅಂತೂ ಚೆನ್ನಾಗೇ ಹಾಕಿದಾರೆ ಅಕ್ಕ, ಕೂಲಿ ಎಷ್ಟು ಅಂತ ಕೇಳ್ಬೇಕು." ಆಮೇಲೆ ದಿಂಬಿಗೆ ಒರಗಿ ಹೇಳಿದ, "ನೀನು ಅಷ್ಟು ಸ್ಟ್ರಿಕ್ಟ್ ಆಗಿಲ್ದಿದ್ರೆ ನಾನು ಇವತ್ತು ಫೋಟೋದಲ್ಲಿ ಇರ್ತಿದ್ದೆ."

"ನಾನು ಸ್ಟ್ರಿಕ್ಟ್ ಆಗಿದ್ದಿದ್ರೆ ನಿನ್ನನ್ನ ಮಾರನೇ ದಿನಾನೇ ಆಪರೇಷನ್‌ಗೆ ಕಳಿಸಿಬಿಡ್ತಿದ್ದೆ ಕಣೋ," ಎಂದಳು ಅವಳು.

ಅವನು ತಮಾಷೆ ಎಂದುಕೊಂಡು ನಕ್ಕ. ಅವಳು ನಗಲಿಲ್ಲ. ಅರ್ಧ ಕೊಳವೆಯನ್ನು ಎಸೆದು ಆಗಲೇ ಮತ್ತೆ ಚುಚ್ಚಿ ತುಂಬಿಸಿದ್ದರೆ ಅಂಕಿ ನಾರ್ಮಲ್ ಬರುತ್ತಿತ್ತು, ಅವಳು ಸಹಿ ಹಾಕಿ ಕಳಿಸುತ್ತಿದ್ದಳು. ಅಂಕಿ ಸರಿಯಿದ್ದಾಗ ರೇಖೆಯನ್ನು ಯಾರೂ ತೆರೆಯುವುದಿಲ್ಲ. ಅವಳೂ ಕೆಲಸಕ್ಕೆ ಸೇರಿದ ದಿನದಿಂದ ತಮ್ಮನ ಸರದಿಯವರೆಗೆ ಒಮ್ಮೆಯೂ ತೆರೆದಿರಲಿಲ್ಲ.

"ಏನಾಯ್ತಕ್ಕ?"

"ನಿನ್ನಂಥವರು ಎಷ್ಟು ಜನ ನನ್ನ ಕೈ ದಾಟಿ ಹೋದ್ರೋ," ಎಂದಳು. "ಅವರು ಯಾರೂ ನನ್ನ ತಮ್ಮಂದಿರಲ್ಲ, ನೋಡು."

ತಮ್ಮನ ನಗು ನಿಂತಿತು. ಅವನು ಸ್ವಲ್ಪ ಸರಿದು, ಮಂಚದ ಅಂಚಿನಲ್ಲಿ ಅವಳಿಗೆ ಕೂರಲು ಜಾಗ ಮಾಡಿದ.