ನಿಂತು ನುಡಿಸಿದ ಪಿಟೀಲು

ತಂತಿ ಹರಿಯಬಹುದಿತ್ತು. ಜನಕಪುರಿಯ ಕರೆಂಟು ಹೋಗಿ ಮೈಕು ಸಾಯಬಹುದಿತ್ತು. ಬೆವರಿದ ಗದ್ದದಿಂದ ಪಿಟೀಲು ಜಾರಿ ಮುಂದಿನ ಸಾಲಿನ ಅಜ್ಜಿಯ ಮಡಿಲಿಗೆ ಬೀಳಬಹುದಿತ್ತು. ಅದು ಬೀಳದಿದ್ದರೆ ನಾನೇ ಬೀಳಬಹುದಿತ್ತು. ಮಾನೇಸರ್‌ಗೆ ಹೋಗಿಬರುವ ಆಫೀಸ್ ಬಸ್ಸಿನಲ್ಲಿ ಕೂತು ವಾರವಿಡೀ ಇವನ್ನೆಲ್ಲ ಒಂದೊಂದಾಗಿ ಚಿಂತಿಸಿದ್ದೆ.

ಕಾರಣ ಒಬ್ಬ ಫ್ರೆಂಚ್ ಜಾಜ್ ಪಿಟೀಲುಗಾರ. ಆ ಚಳಿಗಾಲ ದೆಹಲಿಗೆ ಕಛೇರಿ ಕೊಡಲು ಬಂದಿದ್ದ. ಪಾಸು ಸಿಕ್ಕಿತೆಂದು ಹೋಗಿದ್ದೆ. ನಡುನಡುವೆ ಆತ ತನ್ನ ಕಥೆ ಹೇಳಿದ. ದೊಡ್ಡ ವಾದ್ಯವೃಂದದಲ್ಲಿ ಕೂತು ಬರೆದುಕೊಟ್ಟದ್ದನ್ನು ನುಡಿಸಲಿ ಎಂಬುದು ಮನೆಯವರ ಆಸೆ. ಅದನ್ನು ಬಿಟ್ಟು ಆತ ಕುಣಿತದ ಹಾಲ್‌ಗಳಲ್ಲಿ ತುತ್ತೂರಿ ಊದುವವರ ಬೆನ್ನು ಹತ್ತಿದ. ಬೆರಳನ್ನು ಪಿಟೀಲಿನವರಿಂದ ಕಲಿತೆ, ಉಸಿರನ್ನು ಊದುವವರಿಂದ ಕಲಿತೆ ಎಂದ. ಅವರು ಉಸಿರೆಳೆದುಕೊಳ್ಳುವಲ್ಲಿ ಇವನೂ ಕಮಾನು ಎತ್ತುತ್ತಿದ್ದನಂತೆ. ಹೀಗೆ ವರ್ಷಗಟ್ಟಲೆ ಹಿಂದೆ ನುಡಿಸಿ, ಒಂದು ದಿನ ಮುಂದೆ ಬಂದು ನಿಂತನಂತೆ.

ನನಗೆ ಮೈ ಜುಮ್ಮೆಂದಿತು. ನಾನೂ ಹಾಡುವವರ ಪಕ್ಕ ಕೂತು ಅವರ ಉಸಿರಿನ ಹಿಂದೆ ಓಡಿದವನೇ. ಮುಂದೆ ಬಂದಿರಲಿಲ್ಲ, ಅಷ್ಟೆ.

ಜನಕಪುರಿಯ ನಮ್ಮ ಕನ್ನಡ ಸಂಘದ ವಾರ್ಷಿಕೋತ್ಸವದಲ್ಲಿ ಜಾಜ್ ನುಡಿಸುತ್ತೇನೆ, ಅದೂ ನಿಂತು, ಎಂದೆ. ಕಾರ್ಯದರ್ಶಿಗಳು ಚಹಾ ಲೋಟ ಕೆಳಗಿಟ್ಟರು.

"ನಿಂತ್ಕೊಂಡಾ? ಇದೇನ್ ಸಾರ್, ಮದುವೆ ಬ್ಯಾಂಡಾ? ಎರಡು ದೇವರನಾಮ ಎಳೆದ್ಬಿಡಿ. ಚಲೋ, ಊಟ ಶುರು."

"ಹಾಗಾದ್ರೆ ನನ್ನ ಹೆಸರು ತೆಗೀರಿ."

"ಅಚ್ಛಾ, ಸಿಟ್ಟಾಗ್ಬೇಡಿ. ಸಂಘದಲ್ಲಿ ಪಿಟೀಲಿಗೆ ಬೇರೆ ಯಾರೂ ಇಲ್ಲ ಅಂತ ಧೈರ್ಯ ನಿಮಗೆ!"

ನಿಜ. ಆದರೂ ಧೈರ್ಯ ಧೈರ್ಯವೇ.

ಕೂತು ನುಡಿಸುವ ನಾವು ಪಿಟೀಲಿನ ತಲೆಯನ್ನು ಬಲಗಾಲಿನ ಮೇಲೆ ಊರುತ್ತೇವೆ. ನಿಂತರೆ ಕಾಲು ಎಲ್ಲೋ ಕೆಳಗೆ ಉಳಿದುಬಿಡುತ್ತದೆ. ಗದ್ದದಲ್ಲಿ ಒತ್ತಿ ಹಿಡಿದು ಅಭ್ಯಾಸ ಮಾಡಿದೆ. ನೋಡಿದ ಮಗಳು, "ಅಪ್ಪಾ, ಕುತ್ತಿಗೇಲಿ ಫೋನ್ ಸಿಕ್ಕಿಸ್ಕೊಂಡು ಸ್ಕೂಟರ್ ಓಡಿಸೋ ಭಯ್ಯಾ ಥರ ಲಗ್ ರಹೇ ಹೋ!" ಎಂದಳು.

ವಾರ್ಷಿಕೋತ್ಸವದ ಸಂಜೆ ನಿಂತೆ. ಪಿಟೀಲು ಸಿಗದ ಬಲಗಾಲು ಅತ್ತಿತ್ತ ಸರಿದಾಡಿತು, ತಾಳ ಹಾಕುತ್ತಿದ್ದಾನೆಂದು ಜನ ತಿಳಿದಿರಬೇಕು. ಉಸಿರಿಗಾಗಿ ನಿಲ್ಲಿಸಿದೆ, ಮತ್ತೆ ಹಿಡಿದೆ. ಈ ಸಲ ಯಾರ ಹಿಂದೆಯೂ ಅಲ್ಲ, ನನ್ನದೇ ಉಸಿರಿನ ಹಿಂದೆ. ತಂತಿ ಹರಿಯಲಿಲ್ಲ. ಕರೆಂಟು ಹೋಗಲಿಲ್ಲ. ಅಜ್ಜಿಯ ಮಡಿಲು ಖಾಲಿಯೇ ಉಳಿಯಿತು. ಮುಗಿಸಿ ಕಮಾನು ಇಳಿಸಿದೆ.

ಚಪ್ಪಾಳೆ ಇಲ್ಲ. ಎದ್ದು ಹೋಗುವವರೂ ಇಲ್ಲ. ಹಿಂದಿನಿಂದ ಬಿಸಿಬೇಳೆಬಾತಿನ ಘಮ ಬರುತ್ತಿದ್ದರೂ ಇಡೀ ಹಾಲ್ ಕೈಕಟ್ಟಿ ಕೂತಿತ್ತು. ಕೊನೆಗೆ ಮುಂದಿನ ಸಾಲಿನ ಅಜ್ಜಿ, ಕೊಡಗಿನ ಕರ್ನಲ್ ಒಬ್ಬರ ತಾಯಿ, ಮೆಲ್ಲಗೆ ಕೇಳಿದರು: "ಮಂಗಳ ಯಾವಾಗಪ್ಪಾ?"

ಅದೊಂದನ್ನು ಚಿಂತಿಸಲು ಮರೆತಿದ್ದೆ. ಮಂಗಳ ನುಡಿಸದೆ ಕಛೇರಿ ಮುಗಿಯಿತೆಂದು ನಮ್ಮವರಿಗೆ ಗೊತ್ತಾಗುವುದಾದರೂ ಹೇಗೆ? ಪರದೆಯ ಪಕ್ಕದಿಂದ ಕಾರ್ಯದರ್ಶಿಗಳು, ಈಗಲಾದರೂ ಕೂರಿ ಎಂದು ಕೈಸನ್ನೆ ಮಾಡಿದರು.

ಮಂಗಳ ನುಡಿಸಿದೆ. ನಿಂತೇ.