ಕ್ಯಾಸೆಟ್ಟಿನ ಯಜಮಾನರ ಹೆಸರು

೧೯೯೭ರ ಬೇಸಿಗೆಯಲ್ಲಿ ಶಿಕಾರಿಪುರದ ಮೈಕ್‌ಸೆಟ್ ರುದ್ರೇಶ ಒಂದು ಕ್ಯಾಸೆಟ್ ಬಿಡುಗಡೆ ಮಾಡಿದ. ಅದರಲ್ಲಿ ಎರಡು ತಾಲ್ಲೂಕುಗಳ ಹತ್ತಾರು ಜನರ ದನಿ ಇತ್ತು. ರುದ್ರೇಶನ ದನಿ ಇರಲಿಲ್ಲ. ಹಾಡು ಎನ್ನುವಂಥದ್ದೂ ಇರಲಿಲ್ಲ. ಆದರೂ ಜನ ಕೊಂಡು ಕೇಳಿದರು. ನಾನು ಆ ಊರಿನಲ್ಲಿ ಪತ್ರಿಕೆಯೊಂದರ ತಾಲ್ಲೂಕು ವರದಿಗಾರ. ಕೆಟ್ಟ ರಸ್ತೆ, ಬಾರದ ಬಸ್ಸು, ಅಂಬ್ಲಿಗೊಳ ಜಲಾಶಯದ ನೀರಿನ ಮಟ್ಟ ಇವೇ ನನ್ನ ಸರಕು. ಸಂಗೀತದ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಆದರೆ ಈ ಕ್ಯಾಸೆಟ್ಟಿನ ಹುಟ್ಟಿಗೂ ಆಮೇಲಿನ ಪಾಡಿಗೂ ನಾನು ಕಣ್ಣೆದುರಿನ ಸಾಕ್ಷಿ. ಅಷ್ಟರ ಮಟ್ಟಿಗೆ ನನ್ನನ್ನು ನಂಬಬಹುದು.

ರುದ್ರೇಶನ ಅಂಗಡಿ ಶಿರಾಳಕೊಪ್ಪ ರಸ್ತೆಯಲ್ಲಿತ್ತು. ಮದುವೆ, ಸಭೆ, ಚುನಾವಣೆ ಮೂರಕ್ಕೂ ಅದೇ ಮೈಕು, ಅದೇ ಶಾಮಿಯಾನ. ಲಗ್ನವಿಲ್ಲದ ತಿಂಗಳುಗಳಲ್ಲಿ ಖಾಲಿ ಕ್ಯಾಸೆಟ್ಟಿಗೆ ಹಾಡು ತುಂಬಿ ಕೊಡುತ್ತಿದ್ದ. ದಾವಣಗೆರೆಯಲ್ಲಿ ಓದುತ್ತಿದ್ದ ಅವನ ಭಾವಮೈದುನ ಒಮ್ಮೆ ವಿದೇಶದ ಕ್ಯಾಸೆಟ್ಟೊಂದನ್ನು ತಂದುಕೊಟ್ಟ. ರುದ್ರೇಶ ಅದರ ಹೊದಿಕೆಯ ಕಾಗದ ಹಿಡಿದು ನನ್ನ ಬಳಿ ಬಂದ. ಪೇಪರಿನವನಿಗೆ ಇಂಗ್ಲಿಷ್ ಬರುತ್ತದೆ ಎಂಬ ನಂಬಿಕೆ ನಮ್ಮೂರಲ್ಲಿತ್ತು. ನಾನೂ ಅದನ್ನು ಕೆಡಿಸಲು ಹೋಗಿರಲಿಲ್ಲ.

"ಸರ, ಇದನ್ನ ಒಂಚೂರು ಓದಿ ಹೇಳ್ರಿ. ಒಳಗ ಒದರೋರು ಒಂದು ಡಜನ್ ಮಂದಿ ಅದಾರ. ಮ್ಯಾಲೆ ಫೋಟೋ ಒಬ್ಬಂದೇ ಐತಿ. ಇಂವ ಯಾವ ಹಾಡು ಹಾಡ್ಯಾನ?"

ಸಣ್ಣ ಅಕ್ಷರಗಳನ್ನು ಕಷ್ಟಪಟ್ಟು ಓದಿದೆ. ಒಂದೊಂದು ಹಾಡಿನ ಕೆಳಗೂ ಬೇರೆ ಬೇರೆ ಅತಿಥಿಗಳ ಹೆಸರು. "ಇವನು ಹಾಡಿಲ್ಲ ಕಣಯ್ಯ. ತಾಳ ಹಾಕಿದ್ದಾನೆ, ಹಾಡೋರನ್ನ ಕರೆಸಿದ್ದಾನೆ, ಎಲ್ಲರದ್ದೂ ಹಿಡಿದು ಜೋಡಿಸಿದ್ದಾನೆ" ಎಂದೆ.

"ಅಂದ್ರ ಮೈಕ್‌ಸೆಟ್‌ನೋನು!" ರುದ್ರೇಶ ಕುರ್ಚಿ ಬಿಟ್ಟು ಎದ್ದ. "ಮೈಕ್‌ಸೆಟ್‌ನೋನ ಫೋಟೋ ಹಾಕ್ಯಾರಲ್ರೀ ಸರ!"

ಅವನ ಸಂತೋಷ ನನಗೆ ಅರ್ಥವಾಯಿತು. ತಾಲ್ಲೂಕಿನ ಎಲ್ಲ ಗಣ್ಯರ ಫೋಟೋಗಳಲ್ಲೂ ರುದ್ರೇಶ ಇದ್ದಾನೆ, ಆದರೆ ಒಂದು ಮೊಣಕೈಯಾಗಿ. ಮೈಕಿನ ಕತ್ತು ತಿರುಗಿಸುತ್ತಿರುವ ಮೊಣಕೈ. ನಮ್ಮ ಪತ್ರಿಕೆಯಲ್ಲಿ ಅದನ್ನೂ ಕತ್ತರಿಸಿ ಹಾಕುತ್ತಾರೆ.

ಆ ಕ್ಯಾಸೆಟ್ಟಿನ ಹಾಡಿನ ರೀತಿ ಯಾವುದು ಎಂದು ಕೇಳಿದ. ನನಗೆ ತಿಳಿದಷ್ಟು ಹೇಳಿದೆ: ಇದಕ್ಕೆ ರ‍್ಯಾಪ್ ಅನ್ನುತ್ತಾರೆ, ಹಾಡಬಾರದು, ಬರೀ ಮಾತೂ ಆಡಬಾರದು, ಎರಡರ ನಡುವೆ ಉಸಿರು ಹಿಡಿದು ಓಡಬೇಕು, ಪ್ರಾಸ ಬೇಕು, ಊರಿನ ಹೆಸರು ಮತ್ತು ಸ್ವಂತ ಹೆಸರನ್ನು ಎದೆತಟ್ಟಿ ಹೇಳಿಕೊಳ್ಳಬೇಕು. ರುದ್ರೇಶ ಎಲ್ಲ ಕೇಳಿ, "ಇಷ್ಟೇನಾ? ಇದನ್ನ ನಮ್ಮ ಬಸ್‌ಸ್ಟ್ಯಾಂಡಿನಾಗ ದಿನಾ ಮಾಡ್ತಾರ" ಎಂದ. ಅವನ ಆತ್ಮವಿಶ್ವಾಸಕ್ಕೆ ನಾನು ಅಂದೂ ಆಧಾರ ಕೇಳಲಿಲ್ಲ, ಮುಂದೆ ಕೇಳುವ ಅಗತ್ಯವೂ ಬೀಳಲಿಲ್ಲ.

ಅಂಥದ್ದೊಂದು ಕ್ಯಾಸೆಟ್ ತಾನೂ ಮಾಡುವುದೆಂದು ಹೊರಟ ಅವನು ತಾಳವನ್ನು ಅಂಜನಾಪುರದ ಗದ್ದೆಯೊಂದರಿಂದ ತಂದ. ಕಾಲುವೆಯಿಂದ ನೀರೆತ್ತುವ ಡೀಸೆಲ್ ಪಂಪ್‌ಸೆಟ್ಟಿನ ಟುಕ್ಕು ಟುಕ್ಕು ಸದ್ದನ್ನು, ಕೆಸರಿನಲ್ಲಿ ನಿಂತು, ಟೇಪಿಗೆ ಹಿಡಿದುಕೊಂಡು ಬಂದ. ಸ್ಟುಡಿಯೋ ಎಂದರೆ ಅವನ ಗೋದಾಮು. ಗೋಡೆಗೆ ಶಾಮಿಯಾನ ಇಳಿಬಿಟ್ಟು, ಕಿಟಕಿಗೆ ಮದುವೆಮನೆಯ ಗಾದಿಗಳನ್ನು ಒತ್ತಿ ನಿಲ್ಲಿಸಿದ. ಒಳಗೆ ಕೂತರೆ ಯಾರದೋ ಲಗ್ನದ ಪೊಟ್ಟಣದೊಳಗೆ ಕೂತಂತೆ ಇರುತ್ತಿತ್ತು.

ಕರೆದವರಲ್ಲಿ ಇಬ್ಬರು ಮುಖ್ಯರು. ಒಬ್ಬ ಸೊರಬದ ಬಸ್‌ಸ್ಟ್ಯಾಂಡಿನ ಏಜೆಂಟ್ ಗಣಪತಿ. ಖಾಸಗಿ ಬಸ್ಸುಗಳಿಗೆ ಜನರನ್ನು ಕೂಗಿ ಹತ್ತಿಸುವುದು ಅವನ ಕೆಲಸ. ದಾರಿಯ ಊರುಗಳನ್ನೆಲ್ಲ ಒಂದೇ ಉಸಿರಿನಲ್ಲಿ ದಾಟಿಸುತ್ತಿದ್ದ. ಇನ್ನೊಬ್ಬರು ಶಿರಾಳಕೊಪ್ಪ ಸಂತೆಯ ಬೆಳ್ಳುಳ್ಳಿ ವ್ಯಾಪಾರಿ ಖಾದರ್ ಸಾಬರು. ಉಳಿದವರು ಅವರಂಥವರೇ: ಗಂಟಲೇ ಬಂಡವಾಳವಾದ ಜನ.

ಅಡ್ಡಿ ಬಂದದ್ದು ಒಂದು ಪದದಿಂದ. ರುದ್ರೇಶ ಅವರನ್ನೆಲ್ಲ "ಅತಿಥಿಗಳಾಗಿ ಬರ್ರಿ" ಎಂದು ಕರೆದಿದ್ದ. ನಮ್ಮ ಕಡೆ ಅತಿಥಿ ಎಂದರೆ ಅದಕ್ಕೊಂದು ನಡವಳಿಕೆ ಇದೆ. ಬರಿಗೈಲಿ ಬರುವಂತಿಲ್ಲ, ಬಂದಮೇಲೆ ಮೊದಲು ಬಾಯಿ ತೆರೆಯುವಂತಿಲ್ಲ. ಖಾದರ್ ಸಾಬರು ಇಸ್ತ್ರಿ ಅಂಗಿ ತೊಟ್ಟು ಬೆಳ್ಳುಳ್ಳಿಯ ಗಂಟಿನೊಂದಿಗೆ ಬಂದು ಕೂತರು. "ಅರೆ, ಗಣಪತಣ್ಣ ದೂರದಿಂದ ಬಂದಾರ, ಅವರದ್ದು ಆಗ್ಲಿ ಮೊದಲು." ಗಣಪತಿ ಕೈಮುಗಿದ. "ಎಂತ ಮಾತು ಸಾಬ್ರೆ! ಹಿರಿಯರು ನೀವಿರುವಾಗ ನಾನಾ?" ಹೀಗೇ ಚಹಾ ಆಯಿತು, ಮತ್ತೊಂದು ಚಹಾ ಆಯಿತು. ಕೊನೆಗೆ ಗಣಪತಿ ಮೈಕಿನ ಮುಂದೆ ನಿಂತು ಗಂಟಲು ಸರಿಮಾಡಿಕೊಂಡು, "ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯರೆ" ಎಂದು ಶುರುಮಾಡಿದ. ವೇದಿಕೆಯ ಮೇಲೆ ಸುತ್ತಿಟ್ಟ ಜಮಖಾನವೂ ನಾನೂ ಇದ್ದೆವು.

ರುದ್ರೇಶ ವಾದಕ್ಕೆ ಹೋಗಲಿಲ್ಲ. ಸದ್ದಿಲ್ಲದೆ ಪಂಪ್‌ಸೆಟ್ಟಿನ ಟೇಪು ಹಾಕಿದ. ಹೊರಡಲು ನಿಂತ ಬಸ್ಸಿನ ಸದ್ದೂ ಹೆಚ್ಚುಕಮ್ಮಿ ಅದೇ. ಟುಕ್ಕು ಟುಕ್ಕು ಕಿವಿಗೆ ಬಿದ್ದದ್ದೇ ಗಣಪತಿಯ ಮೈಯೊಳಗೆ ಬಸ್‌ಸ್ಟ್ಯಾಂಡು ಹೊಕ್ಕಿತು. ಅತಿಥಿ ಹೋಗಿ ಏಜೆಂಟ್ ಬಂದ. ಅವನ ಬೆನ್ನಿಗೆ ಸಾಬರು, ಗಿರಾಕಿ ಕೈತಪ್ಪುತ್ತಿದ್ದಾರೆ ಎಂಬಂತೆ, ಬೆಳ್ಳುಳ್ಳಿಯ ಗುಣಗಾನಕ್ಕೆ ಇಳಿದರು. ಸಂಜೆಯೊಳಗೆ ಒಂದು ಬದಿ ತುಂಬಿತು.

ಎಲ್ಲರೂ ಕೊನೆಯ ಸಾಲಿನಲ್ಲಿ ತಮ್ಮ ಹೆಸರು ಹೇಳಿಕೊಂಡಿದ್ದರು, ನಾನು ಹೇಳಿಕೊಟ್ಟ ನಿಯಮದಂತೆ. ಇಲ್ಲಿ ಸ್ವಲ್ಪ ಪಾಂಡಿತ್ಯಕ್ಕೆ ಅವಕಾಶ ಕೊಡಿ. ನಮ್ಮ ಸೀಮೆಯ ಹಳೆಯ ಶರಣರು ಮಾತು ಮುಗಿಸುವಾಗ ಹೇಳುತ್ತಿದ್ದುದು ತಮ್ಮ ಹೆಸರನ್ನಲ್ಲ, ತಮ್ಮ ದೇವರದ್ದನ್ನು. ನಮ್ಮ ಕಡೆಯ ಶಾಸನದ ಕಲ್ಲುಗಳಲ್ಲಿ ರಾಜನ ಹೆಸರು ಮೇಲೆ, ದಾನಿಯ ಹೆಸರು ನಡುವೆ. ಬರೆದವನ ಮತ್ತು ಕೆತ್ತಿದವನ ಹೆಸರು, ಇದ್ದರೆ, ಕಟ್ಟಕಡೆಗೆ. ಮಾಡಿಸಿದವನಿಗೂ ಮಾಡಿದವನಿಗೂ ಜಾಗ ಹಂಚುವ ಕಷ್ಟ ಇವತ್ತಿನದಲ್ಲ. ಇನ್ನೊಂದು ಮಾತು. ಚದುರಿದ ಮಾತುಗಳನ್ನು ಕೂಡಿಸಿ ಇಡುವುದಕ್ಕೆ ಕನ್ನಡದಲ್ಲಿ ಸಂಪಾದನೆ ಎನ್ನುತ್ತೇವೆ. ದುಡ್ಡು ಗಳಿಸುವುದಕ್ಕೂ ಸಂಪಾದನೆ ಎಂದೇ ಹೇಳುತ್ತೇವೆ. ರುದ್ರೇಶ ಮೊದಲನೆಯದರಲ್ಲಿ ಮುಳುಗಿದ್ದಾಗ ಅವನ ಹೆಂಡತಿ ಗೌರಮ್ಮ ಎರಡನೆಯದರ ಬಗ್ಗೆ ವಿಚಾರಿಸುತ್ತಿದ್ದರು. ಸಂಪಾದಕರೆನಿಸಿಕೊಂಡವರ ಮನೆಗಳಲ್ಲೆಲ್ಲ ಇದು ನಡೆಯುವ ಸಂಭಾಷಣೆ.

ಕ್ಯಾಸೆಟ್ ಬಿಡುಗಡೆಯಾಯಿತು. ನಾನು ವರದಿ ಕಳಿಸಿದೆ. ಶಾಸನಗಳ ಪ್ರಭಾವವೋ ಏನೋ, ತಯಾರಿಸಿದವರು ರುದ್ರೇಶ ಎಂಬ ವಾಕ್ಯವನ್ನು ಕೊನೆಯಲ್ಲಿಟ್ಟಿದ್ದೆ. ಪುಟದಲ್ಲಿ ಜಾಗ ಸಾಲದಿದ್ದರೆ ಪತ್ರಿಕೆಯ ಕಚೇರಿಯಲ್ಲಿ ವರದಿಯನ್ನು ಬಾಲದಿಂದ ಕತ್ತರಿಸುತ್ತಾರೆ. ಕಲ್ಲಿಗೆ ಆ ಭಯವಿಲ್ಲ.

ನಿಜವಾದ ಪೆಟ್ಟು ಬೇರೆ ಕಡೆಯಿಂದ ಬಿತ್ತು. ಒಬ್ಬರು ಕೊಂಡದ್ದನ್ನು ಹತ್ತು ಮಂದಿ ತುಂಬಿಸಿಕೊಳ್ಳುವ ಕಾಲ ಅದು. ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ದನಿ ದಾಟುತ್ತದೆ, ಹೊದಿಕೆ ಹಿಂದೆಯೇ ಉಳಿಯುತ್ತದೆ. ರುದ್ರೇಶನ ಹೆಸರು ಇದ್ದದ್ದು ಹೊದಿಕೆಯ ಮೇಲೆ. ತಿಂಗಳೊಪ್ಪತ್ತಿನಲ್ಲಿ ಅದು ಸೊರಬದಲ್ಲಿ "ಗಣಪತಿ ಕ್ಯಾಸೆಟ್ಟು" ಆಯಿತು, ಶಿರಾಳಕೊಪ್ಪದಲ್ಲಿ "ಸಾಬ್ರ ಕ್ಯಾಸೆಟ್ಟು" ಆಯಿತು. ಸ್ವಂತ ಅಂಗಡಿಗೇ ಒಬ್ಬ ಬಂದು "ಗಣಪತಿ ಕ್ಯಾಸೆಟ್ ತುಂಬಿಕೊಡ್ತೀರೇನ್ರೀ" ಎಂದು ಕೇಳಿದ ದಿನ ರುದ್ರೇಶ ಅಂಗಡಿಯ ಬಾಗಿಲು ಎಳೆದು ನನ್ನ ಹತ್ತಿರ ಬಂದ.

"ಸರ, ನನಗ ರೊಕ್ಕ ಬ್ಯಾಡ, ಹಾರ ಬ್ಯಾಡ. ಅದು ಎಲ್ಲಿಗೆ ಹೋದ್ರೂ ನನ್ನ ಹೆಸರು ಅದರ ಕೂಡ ಹೋಗಬೇಕು. ಹೊದಿಕಿ ಮ್ಯಾಲಲ್ಲ, ದನಿಯಾಗ."

ಹಾಗಾದರೆ ನೀನೇ ಹೇಳಿಬಿಡು ಎಂದೆ. ಹೇಳಿದ. ಪಂಪ್‌ಸೆಟ್ಟಿನ ತಾಳಕ್ಕೆ ಸರಿಯಾಗಿ, ಗೋದಾಮಿನ ಮೈಕಿನಲ್ಲಿ, ಸ್ಪಷ್ಟವಾಗಿ, "ಶಿಕಾರಿಪುರದ ರುದ್ರೇಶ, ರುದ್ರೇಶ, ರುದ್ರೇಶ" ಎಂದ. ಆದರೆ ಆ ದನಿ ಎರಡು ತಾಲ್ಲೂಕಿಗೆ ಚಿರಪರಿಚಿತ. ಜನಜಂಗುಳಿಯಲ್ಲಿ ಯಾರಾದರೂ ತಪ್ಪಿಸಿಕೊಂಡರೆ ಮೈಕಿನಲ್ಲಿ ಕೂಗಿ ಕರೆಯುವ ದನಿ. ಕೇಳಿಸಿಕೊಂಡ ಗೌರಮ್ಮ ಗೋದಾಮಿನ ಹಿಂದಿನ ಮನೆಯಿಂದ ಬಂದರು.

"ಅದನ್ನ ಅಳಸ್ರಿ ಮೊದ್ಲು. ಕಳದು ಹೋದೋರನ್ನ ಕೂಗಿದಂಗ ಐತಿ. ಚಲೋ ಅನಸಂಗಿಲ್ಲ."

ಅತಿಥಿಗಳನ್ನೇ ಮತ್ತೆ ಕರೆಸಿದ. ಗಣಪತಿ ಸಂತೋಷದಿಂದ ಒಪ್ಪಿ, ಊರುಗಳ ಸಾಲಿನ ನಡುವೆ ರುದ್ರೇಶನನ್ನು ಕೂರಿಸಿದ. "ಸೊರಬ, ಉಳವಿ, ರುದ್ರೇಶ, ಸಾಗರ" ಎಂದು ಕೇಳಿದಾಗ ಯಾರೂ ಇಳಿಯದ ಒಂದು ಸ್ಟಾಪಿನಂತಿತ್ತು. ಸಾಬರು "ರುದ್ರೇಶ, ರುದ್ರೇಶ, ತಾಜಾ ಮಾಲು, ಹೊಸ ಮಾಲು" ಎಂದರು. ಹೊಗಳಿಕೆಯಲ್ಲಿ ಕೊರತೆಯಿಲ್ಲ, ಆದರೆ ತೂಗಿ ಕೊಟ್ಟಂತಿತ್ತು.

ಆಗ ರುದ್ರೇಶನಿಗೆ ಒಡಪು ನೆನಪಾಯಿತು. ಶಿಕಾರಿಪುರದ ಕಡೆ ಹೊಸ ಮದುಮಗಳನ್ನು ಹೊಸಿಲಲ್ಲಿ ತಡೆದು ಗಂಡನ ಹೆಸರು ಹೇಳಿಸುವ ರೂಢಿ ಉಂಟು. ಬರೀ ಹೆಸರು ಹೇಳುವಂತಿಲ್ಲ; ಪ್ರಾಸದ ಎರಡು ಸಾಲಿನಲ್ಲಿ ಸುತ್ತಿ ಹೇಳಬೇಕು. ಹಾಡೂ ಅಲ್ಲ, ಮಾತೂ ಅಲ್ಲ. ನಾನು ಅಷ್ಟು ದೂರದಿಂದ ತಂದು ವಿವರಿಸಿದ ಪದ್ಧತಿ ಅವನ ಹೊಸಿಲಲ್ಲೇ ಇತ್ತು.

ಗೌರಮ್ಮ ಒಪ್ಪಲಿಲ್ಲ. ಗಂಡ ಹೆಂಡತಿ ಇಬ್ಬರೂ ಶಾಮಿಯಾನದ ಒಂದೊಂದು ಅಂಚು ಹಿಡಿದು ಮಡಚುತ್ತಿದ್ದರು, ನಾನು ಬಾಗಿಲಲ್ಲಿ ನಿಂತಿದ್ದೆ.

"ಗಂಡನ ಹೆಸರು ಹಿಡಿದು ಕರದ್ರ ಆಯುಷ್ಯ ಕಮ್ಮಿ ಆಕ್ಕೈತಿ ಅಂತ ನಮ್ಮವ್ವ ಹೇಳ್ಯಾಳ" ಎಂದರು ಗೌರಮ್ಮ.

"ಮದಿವ್ಯಾಗ ಹೇಳಿದ್ಯಲ್ಲ?"

"ಅದು ಒಂದ್ಸಲ. ಇದು ಹಂಗಲ್ಲ. ಚಾದಂಗಡ್ಯಾಗ ಹಾಕ್ತಾರ, ಬಸ್ಸಿನ್ಯಾಗ ಹಾಕ್ತಾರ. ಅವರು ತಿರುವಿ ತಿರುವಿ ಹಾಕಿದಷ್ಟು ಸಲ ನಾ ಹೇಳಿದಂಗ ಆಗಂಗಿಲ್ಲೇನು? ನಿಮಗ ಹೆಸರು ಬೇಕು. ನನಗ ನೀವು ಬೇಕು."

ರುದ್ರೇಶನ ಕೈಯಿಂದ ಶಾಮಿಯಾನದ ಅಂಚು ಜಾರಿತು. ಗೌರಮ್ಮ ನನ್ನ ಕಡೆ ತಿರುಗಿದರು.

"ನೀವು ಪೇಪರ್‌ನೋರು, ನೀವ ಹೇಳ್ರಿ. ಒಬ್ಬರು ಹೇಳಿದ್ದನ್ನ ನೀವು ಅಚ್ಚು ಹಾಕ್ತೀರಿ. ಊರೆಲ್ಲ ಓದತೈತಿ. ಹೇಳಿದ್ದು ಒಂದ್ಸಲಾನೋ, ಓದಿದಷ್ಟು ಸಲಾನೋ?"

"ಹೇಳಿದ್ದು ಒಂದೇ ಸಲ ಕಣಮ್ಮ. ಆಮೇಲೆ ಯಾರೆಷ್ಟು ಸಲ ಓದಿದರೂ ಅದು ಓದಿದವರದ್ದು" ಎಂದೆ. ವೃತ್ತಿಯಲ್ಲಿ ನಾನು ನೆಚ್ಚಿಕೊಂಡಿರುವ ಏಕೈಕ ಸಿದ್ಧಾಂತ ಅದು. ಅದರ ಮೇಲೆ ಒಬ್ಬ ಮನುಷ್ಯನ ಆಯುಷ್ಯವನ್ನು ಇಟ್ಟದ್ದು ಅದೇ ಮೊದಲು. ಗೌರಮ್ಮ ಬಿದ್ದ ಅಂಚನ್ನು ಎತ್ತಿ ಗಂಡನ ಕೈಗೆ ಕೊಟ್ಟರು.

ಮರುವಾರ ಒಂದು ಮಧ್ಯಾಹ್ನ ಅವರೇ ಗೋದಾಮಿಗೆ ಬಂದು ಸೆರಗು ಸರಿಮಾಡಿಕೊಂಡು ಮೈಕಿನ ಮುಂದೆ ನಿಂತರು. "ಅತ್ಲಾಗ ತಿರುಗಿ ಕೂಡ್ರಿ" ಎಂದು ಗಂಡನಿಗೆ ಹೇಳಿದರು. ಅವನು ಗೋಡೆಯ ಕಡೆ ತಿರುಗಿ ಬಟನ್ ಒತ್ತಿದ. ಅವರು ಒಂದೇ ಉಸಿರಿನಲ್ಲಿ ಹೇಳಿದರು:

"ತೊಟ್ಟಿಲು ತೂಗಾಕ ಹಗ್ಗ ಬೇಕು, ಮಾತು ತೂಗಾಕ ತಾಳ ಬೇಕು,
ಊರ ಮಂದಿ ದನಿ ಕೂಡಿಸಿದೋರಿಗೆ ಮನಿಯಾಕಿ ದನಿಯೂ ಬೇಕು;
ರುದ್ರೇಶ ಅಂತ ಹೇಳೀನಿ ಒಂದ್ಸಲ,
ಇನ್ನೊಮ್ಮೆ ಬೇಕಂದ್ರ ನೀನ ತಿರುವಿ ಹಾಕು!"

ನನ್ನ ಸಿದ್ಧಾಂತ ಇಷ್ಟು ಚೊಕ್ಕವಾಗಿ ಬರಬಹುದೆಂದು ನನಗೇ ಗೊತ್ತಿರಲಿಲ್ಲ. ಪಾಪ ಪುಣ್ಯವನ್ನೆಲ್ಲ ಗುಂಡಿ ಒತ್ತುವವನ ಬೆರಳಿಗೆ ಕಟ್ಟಿದ್ದರು. ರುದ್ರೇಶ ಗೋಡೆಯ ಕಡೆ ಮುಖ ಮಾಡಿಕೊಂಡೇ ಟೇಪನ್ನು ಹಿಂದಕ್ಕೆ ತಿರುವಿ ಇನ್ನೊಮ್ಮೆ ಹಾಕಿದ.

ಹೊಸ ಪ್ರತಿಗಳಲ್ಲಿ ಎರಡೂ ಬದಿಯ ಕೊನೆಗೆ ಆ ಸಾಲುಗಳು ಬಂದವು. ಗಣಪತಿಯನ್ನು ಕೇಳಿ ಮೆಚ್ಚಿದ್ದವರು ಈಗ ಕೊನೆಯವರೆಗೆ ಕೂತು ಕೇಳಿದರು, ತಿರುವಿಯೂ ಹಾಕಿದರು. ಸೊರಬದ ಕಡೆ ಒಡಪು ಹೇಳುವ ರೂಢಿ ಅಷ್ಟಾಗಿ ಇಲ್ಲ; ಅಲ್ಲಿಯೂ ಇದು ಬಾಯಿಪಾಠವಾಯಿತು. "ಎಂತ ಮಾರಾಯ, ನಿಮ್ಮ ಮನೆಯೋರು ನಮ್ಮನ್ನೆಲ್ಲ ಓವರ್‌ಟೇಕ್ ಮಾಡಿದ್ರಲ್ಲ" ಎಂದು ಗಣಪತಿ ರುದ್ರೇಶನಿಗೆ ಹೇಳಿದ್ದನ್ನು ನಾನೇ ಕೇಳಿದ್ದೇನೆ.

ಮರುವರ್ಷ ಸೊರಬದಲ್ಲಿ ಗಣಪತಿಯ ತಂಗಿಯ ಮದುವೆ ನಡೆಯಿತು. ವರ ಶಿಕಾರಿಪುರದ ಕಡೆಯವನು, ಹೆಸರು ಪರಮೇಶ. ಊಟವಾದ ಮೇಲೆ ಬೀಗರ ಹೆಂಗಸರು ಸುತ್ತುವರಿದು ಹೆಸರು ಹೇಳು ಎಂದು ಮದುಮಗಳನ್ನು ಮೈಕಿನ ಮುಂದೆ ನಿಲ್ಲಿಸಿದರು. ಅವಳು ತೊಟ್ಟಿಲು ತೂಗಾಕ ಎಂದು ಶುರುಮಾಡಿ, ತಿರುವಿ ಹಾಕು ಎನ್ನುವವರೆಗೆ ಒಂದಕ್ಷರ ತಪ್ಪದೆ ಹೇಳಿದಳು. ರುದ್ರೇಶ ಎಂದಿದ್ದ ಕಡೆ ಮಾತ್ರ ಪರಮೇಶ ಎಂದಳು. ಮೈಕ್‌ಸೆಟ್ ರುದ್ರೇಶನದು. ಅವನು ದನಿಯನ್ನು ಸ್ವಲ್ಪ ಏರಿಸಿದ.