ಉದ್ಯಾನದಲ್ಲಿ ತರುಬಿದ ಆಡುಗಳು

ಗಜೇಂದ್ರಗಡದ ನಮ್ಮ ಓಣಿಯ ಜಂಗ್ಲಿಸಾಬ ತನ್ನ ಆಡುಗಳನ್ನು ಬಹುವಚನದಲ್ಲಿ ಮಾತನಾಡಿಸುತ್ತಿದ್ದ. "ಬರ್ರಿ ಬಾಯಾರ, ಲಗೂ ಹೆಜ್ಜಿ ಹಾಕ್ರಿ" ಎಂದು ಅವುಗಳ ಹಿಂದೆ ನಡೆಯುವವನು, ಹೆಂಡತಿ ಕಾಶೀಂಬಿಗೆ ಮಾತ್ರ "ಏ, ಚಾ ತಾ" ಎನ್ನುತ್ತಿದ್ದ. ಅವಳು ಕೋಪಿಸಿಕೊಳ್ಳುತ್ತಿರಲಿಲ್ಲ, ಚಹಕ್ಕೆ ಸಕ್ಕರೆ ಹಾಕುತ್ತಿರಲಿಲ್ಲ, ಅಷ್ಟೇ.

ಇಂಥ ಮನುಷ್ಯನಿಗೆ 2006ರಲ್ಲಿ ಸಂಕಟ ಬಂತು. ನಮ್ಮೂರಿನ ಉದ್ಯಾನವೆಂದರೆ ಎರಡು ಸಿಮೆಂಟಿನ ಬೆಂಚು, ಒಂದು ಜಾರುಬಂಡಿ. ಬೆಂಚಿನ ಮೇಲೆ ಕುಳಿತು ಕಾಲು ಚಾಚಿದರೆ ಉದ್ಯಾನ ಮುಗಿಯುತ್ತಿತ್ತು. ಅದನ್ನು ದೊಡ್ಡದು ಮಾಡಲು ಪುರಸಭೆ ಹಿಂದಿನ ಗುಡ್ಡದ ಇಳಿಜಾರನ್ನು ತೆಗೆದುಕೊಂಡಿತು. ಅಲ್ಲಿ ಬಳ್ಳಾರಿ ಜಾಲಿ ದಟ್ಟವಾಗಿ ಹಬ್ಬಿತ್ತು. ಅದನ್ನು ಬೇರುಸಹಿತ ಕಿತ್ತು, ಅಜ್ಜಂದಿರ ಕಾಲದಲ್ಲಿದ್ದಂತೆ ಹುಲ್ಲು, ಬಾರಿಹಣ್ಣಿನ ಗಿಡ, ಬೇವು ಬೆಳೆಸುವ ಕೆಲಸ ಊರವರ ಹಸಿರು ಸಮಿತಿಯ ಪಾಲಿಗೆ ಬಂತು. ಸಮಿತಿಯ ಅಧ್ಯಕ್ಷ ಹಿಟ್ಟಿನ ಗಿರಣಿಯ ಬೀರಲಿಂಗಪ್ಪ. ಅವನು ಜಾಲಿ ಕೀಳಿಸಿ, ಸುತ್ತ ತಂತಿಬೇಲಿ ಹಾಕಿಸಿದ.

ಜಂಗ್ಲಿಸಾಬನ ಆಡುಗಳು ಜಾಲಿಯ ನಡುವಿನ ಹುಲ್ಲು ಮೇಯುತ್ತಿದ್ದದ್ದು ಅಲ್ಲೇ. ಮೇವಿಲ್ಲದ ಮೇಲೆ ಅವುಗಳನ್ನು ಸಂತೆಗೆ ಹೊಡೆಯುವುದೇ ಗತಿ ಎಂದರು ಎಲ್ಲರೂ. "ಜೀವಾ ಹೋದ್ರೂ ಮಾರಂಗಿಲ್ಲ" ಎಂದು ಅವನು ಆಡುಗಳ ಮುಂದೆ ಕುಳಿತು ಊಟ ಬಿಟ್ಟ. ಅವನ ಪಾಲಿನ ರೊಟ್ಟಿಯನ್ನು ಆಡುಗಳು ತಿಂದವು.

ಹಸಿವೆಯಲ್ಲಿ ಅವನಿಗೆ ಒಂದು ಯುಕ್ತಿ ಹೊಳೆಯಿತು. ನಮ್ಮ ಕಡೆ ಹೊಲಕ್ಕೆ ಗೊಬ್ಬರ ಬೇಕಾದರೆ ಕುರಿ, ಆಡುಗಳನ್ನು ರಾತ್ರಿ ಹೊಲದಲ್ಲೇ ತರುಬಿ ನಿಲ್ಲಿಸುತ್ತಾರೆ. ಬೆಳಗಾಗುವುದರೊಳಗೆ ನೆಲದ ತುಂಬ ಹಿಕ್ಕೆ. ಜಂಗ್ಲಿಸಾಬ ನೆಟ್ಟಗೆ ಗಿರಣಿಗೆ ಹೋದ.

"ಸಾವ್ಕಾರ್ರ, ಬೇಲಿ ಒಳಗಿನ ನೆಲ ಬರೇ ಗರಸು ಐತ್ರಿ, ಕಸುವಿಲ್ಲ. ಅಲ್ಲಿ ನನ್ನ ಆಡು ತರುಬ್ತೀನಿ. ಮಳಿ ಆದ ಮ್ಯಾಲ ಹುಲ್ಲು ಹ್ಯಾಂಗ ಏಳ್ತೈತಿ ನೋಡ್ರಿ. ಆ ಹುಲ್ಲಿನ್ಯಾಗ ನನ್ನ ಆಡಿಗೂ ಪಾಲು ಕೊಡ್ರಿ."

ಬೀರಲಿಂಗಪ್ಪನಿಗೆ ಸಂತೋಷ ತಡೆಯಲಾಗಲಿಲ್ಲ. "ಚಾಚಾ, ನೀವು ಇಷ್ಟು ಶಾಣ್ಯಾ ಇದ್ದೀರಿ ಅಂತ ಗೊತ್ತ ಇರಲಿಲ್ಲ ನೋಡ್ರಿ!"

"ನನಗೂ ಗೊತ್ತಿರಲಿಲ್ರಿ" ಎಂದ ಜಂಗ್ಲಿಸಾಬ.

ಆ ಬೇಸಿಗೆಯೆಲ್ಲ ಆಡುಗಳು ಹಗಲು ಹಳ್ಳದ ದಂಡೆಯಲ್ಲಿ, ರಾತ್ರಿ ಉದ್ಯಾನದಲ್ಲಿ. ಹಳ್ಳದ ದಂಡೆಯಲ್ಲಿ ಇದ್ದದ್ದು ಜಾಲಿಯೊಂದೇ. ಅದರ ಎಲೆಯನ್ನು ಆಡು ಮೂಸಿಯೂ ನೋಡುವುದಿಲ್ಲ, ಆದರೆ ಅದರ ಬೇಸಿಗೆಯ ಸಿಹಿ ಕಾಯಿಗೆ ಪ್ರಾಣ ಬಿಡುತ್ತದೆ. ಹೊಟ್ಟೆ ತುಂಬ ಕಾಯಿ ತಿಂದು ಬಂದು, ಉದ್ಯಾನದಲ್ಲಿ ಮಲಗಿ, ತಮ್ಮ ಕೆಲಸವನ್ನು ನಿಷ್ಠೆಯಿಂದ ಮಾಡಿದವು.

ಮೊದಲ ಮಳೆ ಬಿದ್ದು ವಾರ ಕಳೆಯುವಷ್ಟರಲ್ಲಿ ಇಳಿಜಾರೆಲ್ಲ ಹಸಿರಾಯಿತು. ಬೀರಲಿಂಗಪ್ಪ ಪೇಢೆ ಹಂಚಿದ, ಜಂಗ್ಲಿಸಾಬನಿಗೆ ಹಾರ ಹಾಕಿದ, ಭಾಷಣವನ್ನೂ ಶುರುಮಾಡಿದ. ಕಾಶೀಂಬಿ ಮಾತ್ರ ಬೇಲಿಯೊಳಗೆ ಹೋಗಿ, ಬಗ್ಗಿ, ಒಂದು ಸಸಿ ಕಿತ್ತು ತಂದು ಗಂಡನ ಮೂಗಿಗೆ ಹಿಡಿದಳು.

"ಇದು ಹುಲ್ಲಲ್ರಿ. ಜಾಲಿ."

ಕಾಯಿಯ ಬೀಜ ಆಡಿನ ಹೊಟ್ಟೆಯಲ್ಲಿ ಕರಗುವುದಿಲ್ಲ, ಹಿಕ್ಕೆಯ ಜೊತೆ ಬಂದು ಮೊಳೆಯುತ್ತದೆ. ಇದು ನಮ್ಮೂರಿನ ಕೂಸಿಗೂ ಗೊತ್ತಿರುವ ಸಂಗತಿ. ನನಗೂ ಗೊತ್ತಿತ್ತು. ಇಡೀ ಊರಿಗೆ ಆ ಬೇಸಿಗೆ ಏನು ಮಂಕು ಕವಿದಿತ್ತೋ! ನಾವೆಲ್ಲ ಬಾಯಲ್ಲಿದ್ದ ಪೇಢೆಯನ್ನು ಲಗುಬಗೆಯಿಂದ ನುಂಗಿದೆವು.

ಬೀರಲಿಂಗಪ್ಪ ಮೆಲ್ಲಗೆ ಹೇಳಿದ: "ಚಾಚಾ, ಹಾರ ತೆಗೀರಿ."

ಆಮೇಲೆ ದನಿ ಏರಿಸಿದ: "ನಿಮ್ಮ ಆಡಿನ ಬೆಳಿ ನೀವ ಕೀಳ್ರಿ. ಒಂದು ಜಾಲಿ ಉಳಿದ್ರೂ ಹುಲ್ಲಿನ ಪಾಲು ಮರತಬಿಡ್ರಿ."

ಮಳೆಗಾಲವಿಡೀ ಜಂಗ್ಲಿಸಾಬ ಬಗ್ಗಿಯೇ ಇದ್ದ. ನಾವೆಲ್ಲ ನಗುತ್ತಿದ್ದೆವು. ಒಂದು ಸಂಜೆ ಅವನು ಸೊಂಟ ಹಿಡಿದುಕೊಂಡೇ ಮನೆಗೆ ಹೋದದ್ದನ್ನು ಕಂಡು ನನಗೆ ನಿಜಕ್ಕೂ ಪಾಪವೆನಿಸಿತು. ಮರುದಿನ ನಾನೂ ಹೋಗಿ ಒಂದಿಷ್ಟು ಕಿತ್ತು ಬಂದೆ.

ದಸರೆಯ ಹೊತ್ತಿಗೆ, ಜಾಲಿ ಹೋದ ಕಡೆ ನಿಜವಾದ ಹುಲ್ಲು ಮೊಣಕಾಲಿನವರೆಗೆ ಬಂದಿತ್ತು. ಬೀರಲಿಂಗಪ್ಪ ಮಾತು ತಪ್ಪಲಿಲ್ಲ. ಆದರೆ ಬೇವಿನ ಸಸಿಗಳಿದ್ದ ಕಾರಣ ಆಡುಗಳಿಗೆ ಒಳಗೆ ಪ್ರವೇಶ ಕೊಡಲಿಲ್ಲ. ಜಂಗ್ಲಿಸಾಬ ಇಂದಿಗೂ ದಿನಾ ಬಂದು ಕೊಯ್ದುಕೊಂಡು ಹೋಗಬೇಕು. ಹೀಗೆ ಆಡುಗಳು ಸಂತೆಗೆ ಹೋಗುವುದು ತಪ್ಪಿತು.

ಮೊನ್ನೆ ಅವರ ಮನೆಯ ಮುಂದೆ ನಿಂತು ಕಾಶೀಂಬಿಯನ್ನು ಕೇಳಿದೆ, ಚಾಚಾ ಎಲ್ಲಿ ಎಂದು.

"ಮೇಯಾಕ ಹೋಗ್ಯಾರ" ಎಂದಳು. "ಆಡು ಬಾಗಲ್ದಾಗ ನಿಂತು ಹಾದಿ ನೋಡಾಕತ್ತಾವ. ತಡಾ ಮಾಡಿ ಬಂದ್ರ ಬೈತಾವ."